ಟ್ರಂಕು ಒಂದೇ ಇತ್ತು

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ತಗಡಿನ ಟ್ರಂಕು ಇದ್ದೀತು. ನಮ್ಮದಕ್ಕೆ ಹಸಿರು ಬಣ್ಣ. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಮಗನ ಹೆಸರು, ಕೆಳಗೆ ‘ಪಾವಗಡ’ ಅಂತ ಬರೆದಿದೆ. ಮೊನ್ನೆ ಅದನ್ನು ಕೆಳಗಿಳಿಸಿದಾಗ ಅದರ ಕಥೆ ನಿಮಗೆ ಹೇಳಬೇಕೆನ್ನಿಸಿತು. ಒಲೆಯ ಮೇಲೆ ಹಾಲಿದ್ದರೆ ಮೊದಲು ಇಳಿಸಿ ಬನ್ನಿ.

2003ನೇ ಇಸವಿ. ನಮ್ಮ ಕಡೆ ಮಳೆ ಕೈಕೊಟ್ಟು ಅದು ಮೂರನೇ ವರ್ಷ. ನಮ್ಮವರು ಕಡಲೆಕಾಯಿ ಮಂಡಿಯಲ್ಲಿ ಗುಮಾಸ್ತರು. ಕಾಯಿಯೇ ಬಾರದ ಮೇಲೆ ಗುಮಾಸ್ತನಿಗೆ ಸಂಬಳವೆಲ್ಲಿ ಬರಬೇಕು? ಮಗಳು ಏಳನೇ ಕ್ಲಾಸು ಮುಗಿಸಿದ್ದಳು, ಮಗ ಐದು. “ಸಿದ್ಧಗಂಗೆಗೆ ಬಿಟ್ಟು ಬರೋಣ ಕಣೇ, ಒಬ್ಬನ ಹೊಟ್ಟೆಯಾದ್ರೂ ತುಂಬಲಿ” ಅಂದರು ನಮ್ಮವರು. ತುಮಕೂರಿನ ಪಕ್ಕ ಕ್ಯಾತ್ಸಂದ್ರದ ಸಿದ್ಧಗಂಗಾ ಮಠ ಯಾರಿಗೆ ಗೊತ್ತಿಲ್ಲ ಹೇಳಿ? ಅನ್ನ, ಅಕ್ಷರ, ಆಶ್ರಯ ಮೂರಕ್ಕೂ ಅಲ್ಲಿ ದುಡ್ಡು ಕೇಳುವುದಿಲ್ಲ, ಜಾತಿಯನ್ನೂ ಕೇಳುವುದಿಲ್ಲ.

ಟ್ರಂಕಿಗೆ ಬಟ್ಟೆ ಜೋಡಿಸುತ್ತಿದ್ದಾಗ ಮಗಳು ಬಂದು ಕೂತಳು. “ಅಮ್ಮಾ, ನನಗೆ ಯಾವ ಮಠ?” ಅಂದಳು.

“ನಿನಗೆ ಗಂಡನ ಮನೆಯೇ ಮಠ, ಹೋಗು” ಅಂದೆ ನಾನು.

ತಮಾಷೆಗೆ ಅಂದೆ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ತಮಾಷೆಯಾಗಿರಲಿಲ್ಲ. ಹೈಸ್ಕೂಲು ನಮ್ಮ ಊರಲ್ಲೇ ಇತ್ತು. ಆ ಜೂನ್‌ನಲ್ಲಿ ಅವಳನ್ನು ಕಳಿಸಲಿಲ್ಲ. ಸೀರೆಗೆ ಫಾಲ್ ಹೊಲಿಯುವುದಕ್ಕೆ ಕೂರಿಸಿದೆ.

ಬಸ್ಸಿನಲ್ಲಿ ನಮ್ಮದೊಂದೇ ಟ್ರಂಕು ಅಂದುಕೊಂಡಿದ್ದೆ. ಮಧುಗಿರಿಯಲ್ಲಿ ಇನ್ನೊಂದು ಹತ್ತಿತು, ಕೊರಟಗೆರೆಯಲ್ಲಿ ಎರಡು. ಮಠದ ಸಾಲಿನಲ್ಲಿ ನಿಂತಾಗ ಹಿಂದೆ ಇದ್ದಾಕೆ ಶಿರಾ ಕಡೆಯವರು. ನಮ್ಮಿಬ್ಬರ ಕೈಯಲ್ಲೂ ಅದೇ ಚೀಲ, ಚೀಲದಲ್ಲಿ ಅದೇ ಹುರಿಗಾಳು. ಆಗ 96 ವರ್ಷದ ಶಿವಕುಮಾರ ಸ್ವಾಮಿಗಳಿಗೆ ದೂರದಿಂದಲೇ ಕೈಮುಗಿದೆ. ಮಗ ಅಳಲಿಲ್ಲ. ನಾನು ಕೊರಟಗೆರೆ ದಾಟುವವರೆಗೂ ಅತ್ತೆ.

ಆಮೇಲೆ ಶುರುವಾಯಿತು ನೋಡಿ 50 ಪೈಸೆ ಕಾರ್ಡಿನ ಕಾಲ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಹಾಗಾಗಿ ನಾನು ಹೇಳಿದ್ದನ್ನು ಮಗಳು ಬರೆಯುತ್ತಿದ್ದಳು. ಅವನ ಕಾರ್ಡು ಬಂದರೆ ಓದುವವಳೂ ಅವಳೇ. “ಅಮ್ಮಾ, ಇಲ್ಲಿಯ ಮುದ್ದೆ ನಿನ್ನ ಮುದ್ದೆಗಿಂತ ದೊಡ್ಡದು” ಎಂಬುದೇ ಮೊದಲ ಸುದ್ದಿ! ನಸುಕಿಗೇ ಎಬ್ಬಿಸುತ್ತಾರೆ, ತಣ್ಣೀರು, ಬಟ್ಟೆ ತಾನೇ ಒಗೆದುಕೊಳ್ಳಬೇಕು ಅಂತೆಲ್ಲ ದೂರು ಬರುತ್ತಿತ್ತು. ಮೂರನೇ ತಿಂಗಳಿಗೆ ದೂರು ನಿಂತು ಶ್ಲೋಕ, ವಚನ ಬರತೊಡಗಿದವು. ಅಕ್ಕ ‘ಶ’ ಬರೆಯುವ ಕಡೆ ‘ಸ’ ಬರೆದರೆ ತಿದ್ದಿ ಕಳಿಸುತ್ತಿದ್ದ, ಪಂಡಿತ.

ಅವನನ್ನು ನೋಡಲು ಹೋದಾಗ ಸಂಜೆಯ ಪ್ರಾರ್ಥನೆ ಕೇಳಿದೆ. ಬಯಲಿನಲ್ಲಿ ಸಾಲಾಗಿ ಕೂತ ಸಾವಿರಾರು ಹುಡುಗರು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಅದರಲ್ಲಿ ನನ್ನವನ ದನಿ ಯಾವುದು ಅಂತ ಹುಡುಕಿ ಸೋತೆ. ಊಟಕ್ಕೂ ನೆಲದ ಮೇಲೆ ಹಾಗೇ ಸಾಲು. ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು ಅಂದರು. ಐದು ಜನಕ್ಕೆ ಮುದ್ದೆ ತಿರುವಿ ರಟ್ಟೆ ನೋವು ಅನ್ನುವವರು ನಾವು! ರೈತರು ತಾವು ಬೆಳೆದ ರಾಗಿಯನ್ನು ಮಠಕ್ಕೆ ತಂದು ಒಪ್ಪಿಸುತ್ತಾರಂತೆ. ಮಳೆಯಿಲ್ಲದ ನಮ್ಮೂರಿನ ಹುಡುಗ ಯಾರದೋ ಹೊಲದ ರಾಗಿ ತಿಂದು ಬೆಳೆಯುತ್ತಿದ್ದಾನೆ ಅನ್ನಿಸಿ ಗಂಟಲು ಕಟ್ಟಿತು.

2008ರಲ್ಲಿ ಎಸ್ಸೆಸ್ಸೆಲ್ಸಿ, 2010ರಲ್ಲಿ ಪಿಯುಸಿ, ಆಮೇಲೆ ಸಿದ್ಧಗಂಗಾ ಸಂಸ್ಥೆಯವರೇ 1963ರಲ್ಲಿ ಶುರುಮಾಡಿದ ಎಂಜಿನಿಯರಿಂಗ್ ಕಾಲೇಜು. ಅಲ್ಲಿ ಎಡವಿದ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವನಿಗೆ ಅಷ್ಟುದ್ದದ ಇಂಗ್ಲಿಷ್ ಪುಸ್ತಕ ತಲೆಗೆ ಹತ್ತಲಿಲ್ಲ. ಮೊದಲ ವರ್ಷ ಒಂದು ಪೇಪರು ಹೋಯಿತು. ಮನೆಗೆ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿದ. “ಅರ್ಥ ಆಗುತ್ತಮ್ಮ, ಬರೆಯೋಕೆ ಬರಲ್ಲ. ಕನ್ನಡದಲ್ಲಿ ಕೇಳಿದ್ರೆ ನಿಂತ ಕಾಲಲ್ಲೇ ಹೇಳ್ತೀನಿ” ಅಂದ.

ಬಾಣಂತನಕ್ಕೆ ಬಂದಿದ್ದ ಮಗಳು ಮಗುವಿಗೆ ಕುಲಾವಿ ಹೊಲಿಯುತ್ತಿದ್ದಳು. ಸೂಜಿಯಿಂದ ಕಣ್ಣೆತ್ತದೆ, “ನೀನು ಕ್ಲಾಸಲ್ಲಾದ್ರೂ ಕೂತಿದ್ದೀಯಲ್ಲೋ” ಅಂದಳು.

ಇಷ್ಟೇ. ಅವನು ಎದ್ದು ಕೂತ. ಪೇಪರು ಮುಂದಿನ ಸಲಕ್ಕೆ ಪಾಸಾಯಿತು ಅನ್ನಿ. ಆದರೆ ಆ ಮಾತು ಬಂದು ತಾಗಿದ್ದು ನನಗೆ. ಅವನು ದಸರಾ ರಜೆಗೆ, ಬೇಸಿಗೆ ರಜೆಗೆ ತರುತ್ತಿದ್ದ ಹಳೇ ನೋಟುಬುಕ್ಕುಗಳನ್ನು ರದ್ದಿಗೆ ಹಾಕಲು ಅವಳು ಎಂದೂ ಬಿಟ್ಟಿರಲಿಲ್ಲ. ಫಾಲ್ ಹೊಲಿದು ಮುಗಿಸಿ ರಾತ್ರಿ ಅವನ್ನೇ ಓದಿ, 2009ರಲ್ಲಿ ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಪರೀಕ್ಷೆ ಫೀಸನ್ನೂ ನನ್ನ ಹತ್ತಿರ ಕೇಳಿರಲಿಲ್ಲ. ಈಗ ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರು.

2019ರ ಜನವರಿ 21ರಂದು ಸ್ವಾಮಿಗಳು ಲಿಂಗೈಕ್ಯರಾದರು. 111 ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗ ಫೋನಿನಲ್ಲಿ ಮಾತಾಡಲಾರದೆ ಅತ್ತ. ಎಲ್ಲರೂ ಹೊರಟೆವು, ಮಗಳೂ ಬಂದಳು. ಆ ಜನಸಾಗರದಲ್ಲಿ ನಡೆದದ್ದಲ್ಲ, ತಳ್ಳಿಸಿಕೊಂಡು ಹೋದದ್ದು. ಬೆಟ್ಟ ಕಂಡ ಕಡೆ ಅವಳು ನಿಂತುಬಿಟ್ಟಳು. “ಅಷ್ಟು ವರ್ಷ ವಿಳಾಸ ಬರೆದೆನಲ್ಲಮ್ಮ, ಜಾಗ ಹೀಗಿದೆಯಾ?” ಅಂದಳು. ಅವಳು ಒಂದು ಸಲವೂ ಅಲ್ಲಿಗೆ ಬಂದಿರಲಿಲ್ಲವೆನ್ನುವುದು ನನಗೆ ಆಗ ಹೊಳೆಯಿತು. ತಮ್ಮನನ್ನು ನೋಡಲು ಹೊರಟಾಗಲೆಲ್ಲ ಮನೆಗೆ ಒಬ್ಬರು ಬೇಕಲ್ಲ ಅಂತ ಅವಳನ್ನೇ ಬಿಟ್ಟು ಹೋಗುತ್ತಿದ್ದೆವು.

ಈಗ ಟ್ರಂಕು ಯಾಕೆ ಇಳಿಸಿದೆ ಅಂದಿರಾ? ಮೊಮ್ಮಗಳಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಸಿಕ್ಕಿದೆ. ಅರ್ಜಿ ಬರೆದವಳು, ಪ್ರವೇಶ ಪರೀಕ್ಷೆಗೆ ಓದಿಸಿದವಳು ಎಲ್ಲಾ ಮಗಳೇ. ಹೊಸ ಸೂಟ್‌ಕೇಸು ಕೊಡಿಸ್ತೀನಿ ಅಂತ ಸೋದರಮಾವ ಹೇಳಿದರೂ ಆ ಹುಡುಗಿ ಇದೇ ಬೇಕು ಅಂತ ಹಟ ಹಿಡಿದಿದ್ದಾಳೆ. ಚಿಲಕ ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟಿದ್ದೇನೆ. ಕಡಲೆಬೀಜ ಹುರಿದು ಸಿಪ್ಪೆ ತೆಗೆದಾಯಿತು. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟರೆ ಗಟ್ಟಿ ಉಂಡೆಯಾಗುವ ತನಕ ಕಾಯಿಸಿ ಕಟ್ಟಿದರೆ ಹದಿನೈದು ದಿನ ಕೆಡುವುದಿಲ್ಲ. ಈ ಸಲ ಎರಡು ಡಬ್ಬಿ ಮಾಡುತ್ತಿದ್ದೇನೆ. ಒಂದು ಮೊಮ್ಮಗಳ ಟ್ರಂಕಿಗೆ, ಒಂದು ಅವಳ ಅಮ್ಮನಿಗೆ.