ಎಲ್ಲಿಗೂ ಹೋಗದ ಬಾಣ

ರಾತ್ರಿ ಹತ್ತೂವರೆಗೆ ಬೆಂಗಳೂರಿನಿಂದ ಮಗಳ ಫೋನು ಬಂತು. ಅಷ್ಟು ಹೊತ್ತಿನಲ್ಲಿ ಫೋನು ಬಂದರೆ ನನ್ನ ಹೆಂಡತಿಯ ಎದೆ ಝಲ್ಲೆನ್ನುತ್ತದೆ. ಅವಳು ತಸ್ಬೀಹ್ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಾ ಕುಳಿತಳು.

"ಅಬ್ಬಾ, ನನ್ನಿಂದ ಇದು ಆಗೋದಿಲ್ಲ. ಊರಿಗೆ ಬಂದುಬಿಡ್ತೀನಿ" ಎಂದಳು ಮಗಳು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣು ಅವಳು. ಭದ್ರಾವತಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿಸಿಎ ಮಾಡಿ, ಸಾಫ್ಟ್‌ವೇರ್ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಳು. ಮೂರು ತಿಂಗಳ ತರಬೇತಿ, ಕೊನೆಗೊಂದು ಪರೀಕ್ಷೆ, ಪಾಸಾದರೆ ಕೆಲಸ. ಅದಕ್ಕಾಗಿ ಅವಳ ಅಮ್ಮಿಯ ಎರಡು ಬಳೆಗಳು ಬ್ಯಾಂಕಿನಲ್ಲಿ ಕುಳಿತಿವೆ. ಹಾಗಾಗಿ "ಬಂದುಬಿಡ್ತೀನಿ" ಎಂಬ ಮಾತು ನಮಗೆ ಸಣ್ಣದಾಗಿರಲಿಲ್ಲ.

"ಏನು ಅರ್ಥವಾಗ್ತಿಲ್ಲ?" ಎಂದು ಕೇಳಿದೆ. ಬಟ್ಟೆ ಅಂಗಡಿಯ ಲೆಕ್ಕ ಬರೆದು, ರಾತ್ರಿ ಹೊತ್ತು ಕತೆ ಬರೆಯುವ ನನಗೆ ಸಾಫ್ಟ್‌ವೇರಿನ ಗಂಧವೂ ಇಲ್ಲ. ಆದರೂ ಕೇಳಿದೆ. ಅವಳು ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ತರಬೇತಿಯವರು ಕೊಟ್ಟ ಪಾಠದ ಹಾಳೆ. ಜೊತೆಗೆ ತನ್ನ ನೋಟ್‌ಬುಕ್ಕಿನ ನಾಲ್ಕು ಪುಟಗಳ ಫೋಟೋ. ಅದೇ ಚಿತ್ರವನ್ನು ನಾಲ್ಕು ಸಲ ಕೈಯಲ್ಲಿ ಬರೆದು ಅಭ್ಯಾಸ ಮಾಡಿದ್ದಳು.

ಚಿತ್ರ ನೋಡಲು ಬಲು ಚೆಂದವಾಗಿತ್ತು. ಹೊಳೆಯುವ ಬಣ್ಣದ ಉರುಟುಗಳು, ಅವನ್ನು ಜೋಡಿಸುವ ಗೆರೆಗಳು, ಬಾಣಗಳು. ನನಗೆ ಸಾಫ್ಟ್‌ವೇರು ತಿಳಿಯದಿದ್ದರೂ ಬಾಣ ಎಂದರೇನು ಎಂದು ತಿಳಿದಿದೆ. ಒಂದು ಬಾಣ ಯಾವ ಉರುಟಿನಿಂದಲೂ ಹೊರಟಿರಲಿಲ್ಲ. ಇನ್ನೊಂದು ಖಾಲಿ ಜಾಗದಲ್ಲಿ ಹೋಗಿ ನಿಂತಿತ್ತು. "ಈ ಬಾಣ ಎಲ್ಲಿಗೆ ಹೋಗುತ್ತಮ್ಮಾ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ಗೊತ್ತಾಗ್ತಿಲ್ಲ ಅಬ್ಬಾ. ಎಲ್ಲರಿಗೂ ಗೊತ್ತಿರಬಹುದು, ನನಗೇ ಗೊತ್ತಿಲ್ಲ" ಎಂದಳು.

ಅದರಲ್ಲಿ 'ಬ್ರಾಂಚ್' ಎಂದಿರಬೇಕಾದ ಕಡೆ 'ಬ್ರಾನ್ಶಿಚ್' ಎಂದು ಓದಬಹುದಾದ ಒಂದು ಇಂಗ್ಲಿಷ್ ಪದವಿತ್ತು. ಮಗಳು ಅದನ್ನು ಯಾವುದೋ ಹೊಸ ತಾಂತ್ರಿಕ ಪದ ಎಂದುಕೊಂಡು ಡಿಕ್ಷನರಿಯಲ್ಲಿ ಹುಡುಕಿದ್ದಳಂತೆ. ಸಿಗದಿದ್ದಾಗ ನಾಲ್ಕು ಪುಟಗಳಲ್ಲೂ ಆ ತಪ್ಪನ್ನೇ ಅಂದವಾಗಿ ಬರೆದು ಬಾಯಿಪಾಠ ಮಾಡಿದ್ದಳು. ಅದನ್ನು ಕೇಳಿ ನನಗೆ ಸಂಕಟವಾಯಿತು. ಇಂಗ್ಲಿಷಿನಲ್ಲೇ ಬೆಳೆದ ಮಕ್ಕಳು ತಪ್ಪು ಪದ ಕಂಡರೆ ನಕ್ಕು ಮುಂದೆ ಹೋಗುತ್ತಾರೆ. ಉರ್ದು, ಕನ್ನಡ ಶಾಲೆಗಳಿಂದ ಬಂದ ನಮ್ಮಂಥವರಿಗೆ ಹಾಗಲ್ಲ. ಅಚ್ಚಾದ ಇಂಗ್ಲಿಷ್ ಪದ ತಪ್ಪಾಗಿರಬಹುದು ಎಂಬ ಯೋಚನೆಯೇ ನಮಗೆ ಬರುವುದಿಲ್ಲ. ತಪ್ಪು ನಮ್ಮದೇ ಇರಬೇಕು ಎಂದುಕೊಳ್ಳುತ್ತೇವೆ. ಏಳನೆಯ ತರಗತಿವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಹೋದ ನಾನು ಈ ಅಂಜಿಕೆಯನ್ನು ಚೆನ್ನಾಗಿ ಬಲ್ಲೆ.

"ನನಗೆ ಕತೆ ಹೇಳೋ ಹಾಗೆ ಹೇಳು, ಇದು ಏನು?" ಎಂದೆ. ಅವಳು ಹೇಳಿದಳು. ಗಿಟ್ ಎಂಬುದೊಂದು ವ್ಯವಸ್ಥೆ. ಲಿನಸ್ ಟೊರ್ವಾಲ್ಡ್ಸ್ ಎಂಬವರು 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ಅದನ್ನು ಮಾಡಿದರು. ಹಲವು ಜನ ಸೇರಿ ಒಂದೇ ಪ್ರೋಗ್ರಾಂ ಬರೆಯುವಾಗ ಯಾರು, ಯಾವಾಗ, ಏನು ತಿದ್ದಿದರು ಎಂಬುದನ್ನೆಲ್ಲ ಅದು ಕಾಪಾಡುತ್ತದೆ. ಮೂಲ ಪ್ರತಿಯನ್ನು ಕೆಡಿಸದೆ, ಒಂದು ಕವಲು ತೆಗೆದು ಅದರಲ್ಲಿ ತಿದ್ದಿ, ಸರಿಯಾದರೆ ಮತ್ತೆ ಮೂಲಕ್ಕೆ ಸೇರಿಸಬಹುದು. ಆ ಕವಲೇ ಬ್ರಾಂಚ್. ನಾನು ಕತೆ ಬರೆಯುವಾಗ ಮಾಡುವುದೂ ಇದನ್ನೇ. ಒಂದು ಪ್ರತಿ ಹಾಗೇ ಇಟ್ಟು, ಬೇರೆ ಹಾಳೆಯಲ್ಲಿ ಕೊನೆಯನ್ನು ಬದಲಿಸಿ ನೋಡುತ್ತೇನೆ. ನನಗೆ ಅರ್ಥವಾಯಿತು. ಹೇಳಿದವಳಿಗೂ ಅರ್ಥವಾಗಿದೆ ಎಂದಾಯಿತಲ್ಲ! ಹಾಗಾದರೆ ಅರ್ಥವಾಗದೆ ಉಳಿದದ್ದು ಆ ಚಿತ್ರ ಮಾತ್ರ.

ಮರುದಿನ ಅವಳೇ ಹುಡುಕಿ ಮೂಲ ಚಿತ್ರವನ್ನು ಕಂಡುಹಿಡಿದಳು. ವಿನ್ಸೆಂಟ್ ಡ್ರೀಸೆನ್ ಎಂಬ ಡಚ್ ಎಂಜಿನಿಯರ್ 2010ರ ಜನವರಿಯಲ್ಲಿ ಬರೆದ ಒಂದು ಲೇಖನದ ಚಿತ್ರ ಅದು. ಸಾಫ್ಟ್‌ವೇರ್ ಜಗತ್ತಿನಲ್ಲಿ ಬಹಳ ಹೆಸರಾದದ್ದಂತೆ. ಅದರಲ್ಲಿ ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಫೀಚರ್, ಡೆವಲಪ್, ರಿಲೀಸ್, ಹಾಟ್‌ಫಿಕ್ಸ್, ಮಾಸ್ಟರ್ ಎಂಬ ಐದು ಬಗೆಯ ಕವಲುಗಳು ಸಾಲಾಗಿ ನಿಂತಿವೆ. ಜನರ ಕೈಗೆ ಹೋದದ್ದು ಮಾಸ್ಟರ್. ಮುಂದಿನದಕ್ಕೆ ತಯಾರಿ ನಡೆಯುವುದು ಡೆವಲಪ್‌ನಲ್ಲಿ. ಬಳಕೆಯಲ್ಲಿರುವ ಪ್ರೋಗ್ರಾಮಿನಲ್ಲಿ ಗಂಭೀರ ದೋಷ ಕಂಡರೆ ಮಾಸ್ಟರ್‌ನಿಂದ ಹಾಟ್‌ಫಿಕ್ಸ್ ಕವಲು ತೆಗೆದು ಸರಿಪಡಿಸಿ, ಮಾಸ್ಟರ್ ಮತ್ತು ಡೆವಲಪ್ ಎರಡಕ್ಕೂ ಸೇರಿಸಬೇಕು. ಮಾಸ್ಟರ್‌ಗೆ ಸೇರಿಸದಿದ್ದರೆ ಜನರ ಕೈಯಲ್ಲಿರುವ ದೋಷ ಹಾಗೇ ಉಳಿಯುತ್ತದೆ. ಡೆವಲಪ್‌ಗೆ ಸೇರಿಸದಿದ್ದರೆ ಮುಂದಿನ ಆವೃತ್ತಿಯಲ್ಲಿ ಅದೇ ದೋಷ ಮತ್ತೆ ಬರುತ್ತದೆ.

ತರಬೇತಿಯ ಚಿತ್ರದಲ್ಲಿ ಹಾಟ್‌ಫಿಕ್ಸ್‌ನಿಂದ ಡೆವಲಪ್‌ಗೆ ಮಾತ್ರ ಬಾಣವಿತ್ತು. ಮಾಸ್ಟರ್ ಕಡೆಗೆ ಹೋಗಬೇಕಾದ ಬಾಣವೇ ಆ ಖಾಲಿ ಜಾಗದಲ್ಲಿ ನಿಂತುಬಿಟ್ಟದ್ದು. ರೋಗಿಗೆಂದು ತಯಾರಾದ ಔಷಧಿ ಆಸ್ಪತ್ರೆಯ ಉಗ್ರಾಣಕ್ಕೆ ಹೋಯಿತು, ರೋಗಿಗೆ ಸಿಗಲಿಲ್ಲ ಎಂದ ಹಾಗೆ. ಮೂಲ ಚಿತ್ರ ನೋಡಿದ ಅರ್ಧ ಗಂಟೆಯಲ್ಲಿ ಮಗಳಿಗೆ ಎಲ್ಲ ತಿಳಿಯಿತು. ಅವಳು ಅತ್ತಳು. ಖುಷಿಯಿಂದಲ್ಲ. ಹತ್ತು ದಿನ ತನ್ನನ್ನು ತಾನೇ ದಡ್ಡಿ ಎಂದು ಬೈದುಕೊಂಡದ್ದಕ್ಕೆ.

ಡ್ರೀಸೆನ್ ಅವರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಲೇಖನ ಬರೆದು ಹತ್ತು ವರ್ಷವಾದ ಮೇಲೆ, 2020ರ ಮಾರ್ಚಿನಲ್ಲಿ, ಅವರು ಅದರ ತಲೆಯ ಮೇಲೆಯೇ ಒಂದು ಟಿಪ್ಪಣಿ ಸೇರಿಸಿದರು. ದಿನದಿನವೂ ಬದಲಾಗುವ ವೆಬ್ ತಂತ್ರಾಂಶಗಳಿಗೆ ಈ ಮಾದರಿ ಅಷ್ಟಾಗಿ ಒಗ್ಗದು, ಇದಕ್ಕಿಂತ ಸರಳವಾದದ್ದನ್ನು ನೋಡಿಕೊಳ್ಳಿ ಎಂಬುದು ಅದರ ಸಾರ. ಹೆಸರು ತಂದುಕೊಟ್ಟ ಚಿತ್ರದ ಮೇಲೆಯೇ ಅದರ ಮಿತಿಯನ್ನು ಬರೆಯುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಚಿತ್ರದ ಹಿಂದೆ ಒಬ್ಬ ಮನುಷ್ಯನಿದ್ದರೆ ಆಗುವ ಲಾಭ ಇದು. ಅವನನ್ನು ಕೇಳಬಹುದು, ಅವನು ತಿದ್ದಿಕೊಳ್ಳಬಹುದು.

ತರಬೇತಿಯ ಚಿತ್ರದ ಹಿಂದೆ ಯಾರಿದ್ದರು? ಯಾರೂ ಇರಲಿಲ್ಲ. ಕೃತಕ ಬುದ್ಧಿಮತ್ತೆಗೆ ಹೇಳಿ ಬರೆಸಿದ್ದು ಎಂದು ಆಮೇಲೆ ತಿಳಿಯಿತು. ಇಂಥ ಯಂತ್ರಕ್ಕೆ ಕೋಟಿಗಟ್ಟಲೆ ಚಿತ್ರಗಳನ್ನೂ ಅವುಗಳ ವಿವರಣೆಗಳನ್ನೂ ಉಣಿಸಿರುತ್ತಾರೆ. ಸಾಮಾನ್ಯವಾಗಿ ಅದು ಅರ್ಥವಿಲ್ಲದ ಚುಕ್ಕೆಗಳ ಗದ್ದಲದಿಂದ ಹೊರಟು, ಹೆಜ್ಜೆಹೆಜ್ಜೆಗೂ ಆ ಗದ್ದಲವನ್ನು ಕಡಿಮೆ ಮಾಡುತ್ತಾ, ಕೇಳಿದ್ದನ್ನು ಹೋಲುವ ಚಿತ್ರಕ್ಕೆ ಬಂದು ಮುಟ್ಟುತ್ತದೆ. ಹೋಲುವುದಷ್ಟೇ ಅದರ ಗುರಿ. ಬಾಣ ಅದಕ್ಕೆ ಒಂದು ಆಕಾರ. ಇದು ಅದರಿಂದ ಬಂತು ಎಂಬ ಸಂಬಂಧವಲ್ಲ. ಅಕ್ಷರವೂ ಅದಕ್ಕೆ ಆಕಾರವೇ. ಹೂವು, ಮೋಡಗಳಲ್ಲಿ ಇದು ನಡೆದೀತು. ಎರಡು ಎಸಳು ಹೆಚ್ಚಿದ್ದರೂ ಹೂವು ಹೂವೇ. ಆದರೆ ನಕ್ಷೆಯಲ್ಲಿ ಒಂದು ಗೆರೆ ತಪ್ಪಿದರೆ ಉಳಿಯುವುದು ಸುಳ್ಳು.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2024ರ ಫೆಬ್ರವರಿಯಲ್ಲಿ 'ಫ್ರಾಂಟಿಯರ್ಸ್ ಇನ್ ಸೆಲ್ ಅಂಡ್ ಡೆವಲಪ್‌ಮೆಂಟಲ್ ಬಯಾಲಜಿ' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಇಲಿಯ ಚಿತ್ರ ಬಂತು. ಮಿಡ್‌ಜರ್ನಿ ಎಂಬ ಸಾಧನದಿಂದ ಮಾಡಿಸಿದ್ದೆಂದು ಲೇಖಕರೇ ಹೇಳಿಕೊಂಡಿದ್ದರು. ಇಲಿಯ ಅಂಗಗಳಿಗೆ ಅಳತೆಯಿಲ್ಲ, ಅವುಗಳ ಹೆಸರುಗಳಿಗೆ ಯಾವ ಭಾಷೆಯಲ್ಲೂ ಅರ್ಥವಿಲ್ಲ. ತಜ್ಞರ ಪರಿಶೀಲನೆ ದಾಟಿಯೇ ಅದು ಅಚ್ಚಾಗಿತ್ತು. ಪರಿಶೀಲಕರಲ್ಲಿ ಒಬ್ಬರು ಚಿತ್ರಗಳ ಬಗ್ಗೆ ಆಕ್ಷೇಪ ಎತ್ತಿದ್ದರು, ಲೇಖಕರು ಅದಕ್ಕೆ ಸ್ಪಂದಿಸಲಿಲ್ಲ ಎಂದು ಪತ್ರಿಕೆಯೇ ನಂತರ ತಿಳಿಸಿತು. ಜಗತ್ತೆಲ್ಲ ನಕ್ಕ ಮೇಲೆ ಮೂರೇ ದಿನದಲ್ಲಿ ಲೇಖನವನ್ನು ಹಿಂತೆಗೆದುಕೊಂಡರು. ಆ ಇಲಿಯನ್ನು ನೋಡಿದವರು ವಿಜ್ಞಾನಿಗಳು, ಆದ್ದರಿಂದ ನಕ್ಕರು. ಪಾಠದ ಹಾಳೆಯನ್ನು ನೋಡುವವರು ವಿದ್ಯಾರ್ಥಿಗಳು. ಅವರು ನಗುವುದಿಲ್ಲ, ಬಾಯಿಪಾಠ ಮಾಡುತ್ತಾರೆ.

"ನಾಳೆ ಸರ್‌ಗೆ ಹೇಳ್ತೀನಿ ಅಬ್ಬಾ" ಎಂದಳು ಮಗಳು.

ಇಲ್ಲಿ ನನ್ನ ಹೇಡಿತನವನ್ನು ಒಪ್ಪಿಕೊಳ್ಳಬೇಕು. "ಬೇಡಮ್ಮ. ಪರೀಕ್ಷೆ ಮುಗೀಲಿ, ಕೆಲಸ ಸಿಗಲಿ. ಮೊದಲೇ ನಮ್ಮ ಹೆಸರು ಎಲ್ಲರ ಕಣ್ಣಿಗೆ ಬೀಳುತ್ತೆ. ದೂರು ಹೇಳೋಳು ಅನ್ನಿಸಿಕೊಳ್ಳಬೇಡ" ಎಂದೆ. ತಲೆಯ ಮೇಲೆ ದುಪಟ್ಟಾ ಹೊದ್ದು ಆ ಗಾಜಿನ ಕಟ್ಟಡಕ್ಕೆ ಹೋಗುವ ಮಗಳ ಬಗ್ಗೆ ನನಗಿದ್ದ ಭಯ ನಿಜವಾದದ್ದೇ.

ಅವಳು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ನಿಮ್ಮ ಕತೆಗೆ ಬಂದ ಚಿತ್ರದ ವಿಷಯದಲ್ಲೂ ನೀವು ಹೀಗೇ ಸುಮ್ಮನಿದ್ರಿ ಅಲ್ವಾ?"

ನಿಜ. ಹೋದ ವರ್ಷ ನನ್ನದೊಂದು ಕತೆಗೆ ಹಾಕಿದ ಚಿತ್ರದಲ್ಲಿ ಮುದುಕಿಯ ಕೈಗೆ ಆರು ಬೆರಳುಗಳಿದ್ದವು. ಹಿಂದಿನ ಅಂಗಡಿಯ ಬೋರ್ಡಿನಲ್ಲಿ ಉರ್ದುವಿನಂತೆ ಕಾಣುವ, ಉರ್ದು ಅಲ್ಲದ ಬರಹವಿತ್ತು. ಉರ್ದುವಿನಲ್ಲಿ ಒಂದೇ ಅಕ್ಷರ ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬೇರೆಬೇರೆ ರೂಪ ತಾಳಿ ಪಕ್ಕದ ಅಕ್ಷರದ ಕೈ ಹಿಡಿಯುತ್ತದೆ. ಆ ಬೋರ್ಡಿನಲ್ಲಿ ಯಾವ ಅಕ್ಷರವೂ ಯಾರ ಕೈಯನ್ನೂ ಹಿಡಿದಿರಲಿಲ್ಲ. ನಾನು ನಕ್ಕು ಸುಮ್ಮನಾದೆ. ಕತೆ ಅಚ್ಚಾಯಿತಲ್ಲ, ಸಾಕು ಎಂದುಕೊಂಡೆ.

ನನ್ನ ಮಾಮು ಕಾತಿಬ್ ಆಗಿದ್ದರು. ಮದುವೆ ಕಾಗದ, ಮಸೀದಿಯ ಫಲಕ, ಜಲ್ಸಾದ ಭಿತ್ತಿಪತ್ರ ಎಲ್ಲವನ್ನೂ ಬಿದಿರಿನ ಕಲಮಿನಲ್ಲಿ ಬರೆಯುತ್ತಿದ್ದರು. ಬರೆದು ಮುಗಿದ ಮೇಲೆ ಚುಕ್ಕೆಗಳನ್ನು ಬೆರಳಿಟ್ಟು ಎಣಿಸುವುದು ಅವರ ಅಭ್ಯಾಸ. 'ದುಆ'ದ ಮೇಲೆ ಒಂದು ಚುಕ್ಕೆ ಹೆಚ್ಚಾಗಿ ಬಿದ್ದರೆ ಅದು 'ದಗಾ' ಆಗಿಬಿಡುತ್ತದೆ. ಪ್ರಾರ್ಥನೆ ಹೋಗಿ ಮೋಸ ಎಂದಾಗುತ್ತದೆ. ಒಮ್ಮೆ ಹಂಚಿಯಾಗಿದ್ದ ಮದುವೆ ಕಾಗದದಲ್ಲಿ ಒಂದು ಚುಕ್ಕೆ ತಪ್ಪಿದ್ದು ಗೊತ್ತಾಗಿ, ಅವರು ಸೈಕಲ್ ಹತ್ತಿ ಮನೆಮನೆಗೆ ಹೋಗಿ ಪೆನ್ನಿನಿಂದ ತಿದ್ದಿ ಬಂದಿದ್ದರು. ಹುಡುಗನಾಗಿದ್ದ ನಾನು ಸೈಕಲ್ಲಿನ ಹಿಂದೆ ಕುಳಿತು ಹೋಗಿದ್ದೆ. ಅಂಥವರ ಸೋದರಳಿಯ ಆ ಬೋರ್ಡು ನೋಡಿ ನಕ್ಕು ಸುಮ್ಮನಾಗಿದ್ದ.

ಮಗಳು ಮರುದಿನ ಹೇಳಿಯೇ ಹೇಳಿದಳು. ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು. ಮೇಷ್ಟ್ರು ಮೊದಲು "ಚಿತ್ರ ಬರೀ ಅಲಂಕಾರಕ್ಕೆ, ಪಾಠ ಓದ್ಕೊಳ್ಳಿ" ಎಂದರಂತೆ. ಅವಳು "ಪಾಠದಲ್ಲಿ 'ಚಿತ್ರ ನೋಡಿ' ಎಂದೇ ಬರೆದಿದೆ ಸರ್" ಎಂದಳಂತೆ. ಅವರೂ ಪಾಪ, ಒಂದು ವಾರದಲ್ಲಿ ನೂರಿಪ್ಪತ್ತು ಪುಟ ತಯಾರಿಸಬೇಕಿದ್ದವರು. ಪುಟ ಎಷ್ಟಾಯಿತು ಎಂದು ಕೇಳುವವರಿದ್ದರು, ಸರಿಯಿದೆಯೇ ಎಂದು ಕೇಳುವವರಿರಲಿಲ್ಲ. ಮೂರನೆಯ ದಿನ ಆ ಚಿತ್ರ ಸದ್ದಿಲ್ಲದೆ ಮಾಯವಾಯಿತು. ಕ್ಷಮೆಯೂ ಇಲ್ಲ, ಧನ್ಯವಾದವೂ ಇಲ್ಲ. ಆದರೆ ಇಡೀ ಬ್ಯಾಚಿನಲ್ಲಿ ಅದು ಅರ್ಥವಾಗದೆ ಒದ್ದಾಡಿದವಳು ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಅಂದು ತಿಳಿಯಿತು. ಬೀದರಿನ ಹುಡುಗ, ಹಾವೇರಿಯ ಹುಡುಗಿ, ಕೊನೆಗೆ ಇಂಗ್ಲಿಷ್ ಮಾಧ್ಯಮದ ಒಬ್ಬನೂ ಬಂದು "ನಮಗೂ ಅರ್ಥವಾಗಿರಲಿಲ್ಲ" ಎಂದರಂತೆ.

ಯಂತ್ರವನ್ನೇ ಬೈಯುವುದು ನನ್ನ ಉದ್ದೇಶವಲ್ಲ. ಇಂಗ್ಲಿಷಿನ ಕಷ್ಟದ ಸಾಲುಗಳನ್ನು ಬಿಡಿಸಿ ಹೇಳಿಸಿಕೊಳ್ಳಲು ನನ್ನ ಮಗಳೂ ಅದನ್ನು ಬಳಸುತ್ತಾಳೆ. ಚಿತ್ರ ಬರೆಯುವುದರಲ್ಲೂ ಅದು ಸುಧಾರಿಸುತ್ತಿದೆ. ಹೊಸ ಸಾಧನಗಳು ಇಂಗ್ಲಿಷ್ ಅಕ್ಷರಗಳನ್ನು ಮೊದಲಿಗಿಂತ ಸರಿಯಾಗಿ ಬರೆಯುತ್ತವೆ. ನನಗೆ ಹೆಚ್ಚು ಭಯವಾಗುವುದು ಅಲ್ಲಿಯೇ. ಕಾಗುಣಿತ ತಪ್ಪಿದ್ದಾಗ ಅನುಮಾನಪಡಲು ಒಂದು ಗುರುತಾದರೂ ಇತ್ತು. ಅಕ್ಷರ ಸರಿಯಾಗಿ, ಬಾಣ ಮಾತ್ರ ತಪ್ಪಾಗಿದ್ದರೆ ಹಿಡಿಯುವವರು ಯಾರು? ಮರ್ಮೇಯ್ಡ್, ಗ್ರಾಫ್‌ವಿಜ್ ಎಂಬ ಸಾಧನಗಳಿವೆಯಂತೆ. ಯಾವುದು ಯಾವುದಕ್ಕೆ ಸೇರುತ್ತದೆ ಎಂದು ನಾವು ಪದಗಳಲ್ಲಿ ಬರೆದುಕೊಟ್ಟರೆ ಅವು ಅದರಂತೆಯೇ ಗೆರೆ ಎಳೆಯುತ್ತವೆ. ಅಲ್ಲಿ ಪ್ರತಿಯೊಂದು ಬಾಣಕ್ಕೂ ಬರೆದಿಟ್ಟ ಒಂದು ಸಾಲಿನ ಆಧಾರವಿರುತ್ತದೆ, ಬೆರಳಿಟ್ಟು ಎಣಿಸಬಹುದು. ಎಣಿಸುವ ಬೆರಳು ಮಾತ್ರ ಮನುಷ್ಯನದೇ ಆಗಬೇಕು.

ಪರೀಕ್ಷೆ ಮುಗಿದಿದೆ, ಫಲಿತಾಂಶ ಬರಬೇಕು. ನನ್ನ ಆ ಕತೆ ಈಗ ಒಂದು ಸಂಕಲನದಲ್ಲಿ ಮರುಮುದ್ರಣವಾಗಲಿದೆ. ಆ ಚಿತ್ರ ಬೇಡ, ಚಿತ್ರವಿಲ್ಲದಿದ್ದರೂ ಆದೀತು ಎಂದು ಸಂಪಾದಕರಿಗೆ ಬರೆದೆ. ಅವರು ಒಪ್ಪಿದರು. ಕೇಳಿದ್ದರೆ ಹೋದ ವರ್ಷವೂ ಒಪ್ಪುತ್ತಿದ್ದರೇನೋ.

ಕಳೆದ ವಾರ ಮಗಳು ಮತ್ತೊಂದು ಚಿತ್ರ ಕಳಿಸಿದಳು. ಐದು ಕವಲುಗಳ ನಕ್ಷೆಯನ್ನು ಬಿಳಿ ಹಾಳೆಯ ಮೇಲೆ ಸ್ಕೇಲು ಹಿಡಿದು ತಾನೇ ಬರೆದಿದ್ದಾಳೆ. ಪಕ್ಕದಲ್ಲಿ ಕನ್ನಡದಲ್ಲಿ ವಿವರಣೆ. ಬೀದರಿನ ಹುಡುಗ ಕೇಳಿದ್ದನಂತೆ. ಗೆರೆಗಳು ಸ್ವಲ್ಪ ಸೊಟ್ಟಗಿವೆ. ನಾನು ಕನ್ನಡಕ ಹಾಕಿಕೊಂಡು ಪ್ರತಿಯೊಂದು ಬಾಣದ ಮೇಲೂ ಬೆರಳಿಟ್ಟು ನೋಡಿದೆ. ಎಲ್ಲವೂ ಎಲ್ಲಿಂದಲೋ ಹೊರಟು ಎಲ್ಲಿಗೋ ತಲುಪಿದ್ದವು. ಕೆಳಗೆ ಮೂಲ ಚಿತ್ರ ಯಾರದೆಂದು ಬರೆದು, ತನ್ನ ಹೆಸರು, ತಾರೀಕು ಹಾಕಿ ಇನ್ನೊಂದು ಸಾಲು ಸೇರಿಸಿದ್ದಳು: ತಪ್ಪಿದ್ದರೆ ದಯವಿಟ್ಟು ಹೇಳಿ.