ಗಾಂಧಿಬಜಾರಿನ ದೋಸೆ

ಹಳೆಯ ಹೋಟೆಲುಗಳನ್ನು ಹುಡುಕಿಕೊಂಡು ಅಲೆಯುವುದು ನನಗಂಟಿದ ಚಟ. ತಿಂಗಳ ಲೆಕ್ಕವಿಡುವ ನನ್ನಾಕೆ ಅದಕ್ಕೆ ಬೇರೆಯೇ ಹೆಸರಿಟ್ಟಿದ್ದಾಳೆ. ಇದು ನನಗೆ ತಂದೆಯವರಿಂದ ಬಂದದ್ದು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಓದಿದ ಅವರು ವಿದ್ಯಾರ್ಥಿ ಭವನದ ದೋಸೆಯನ್ನು ವರ್ಣಿಸತೊಡಗಿದರೆ ಮನೆಯ ಉಪ್ಪಿಟ್ಟು ಸಪ್ಪೆಯಾಗುತ್ತಿತ್ತು.

ಮೊನ್ನೆ ಊರಿನಿಂದ ಬಂದವರನ್ನು ಅಲ್ಲಿಗೇ ಕರೆದೊಯ್ದೆ. 1943ರಲ್ಲಿ ಆರಂಭವಾದ ಆ ಹೋಟೆಲಿನ ಮುಂದೆ ಅರ್ಧ ಗಂಟೆ ಕಾದು ಒಳಹೊಕ್ಕೆವು. ಗೋಡೆಯ ಮೇಲೆ ಸಾಹಿತಿಗಳ ಚಿತ್ರಗಳು. ಮಾಣಿಯ ತೋಳಿನ ಮೇಲೆ ಒಂದರ ಮೇಲೊಂದೇರಿದ ತಟ್ಟೆಗಳು. (ಆತನ ಏಕಾಗ್ರತೆ ನನ್ನ ತರಗತಿಯ ಹುಡುಗರಿಗೆ ಎಂದು ಬಂದೀತೋ!) ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದಲ್ಲಿ ಕೆಂಪಗೆ ಬೆಂದ ದೋಸೆ, ಜೊತೆಗೆ ನೀರು ಚಟ್ನಿ.

“ಹೇಗಿದೆ ಅಪ್ಪ? ಅಂದಿನ ರುಚಿಯೇ?” ಎಂದೆ.

ತಂದೆಯವರು ದೋಸೆಯ ತುಂಡನ್ನು ಚಟ್ನಿಯಲ್ಲದ್ದಿ ಹಾಗೆಯೇ ಹಿಡಿದು ಕುಳಿತರು. “ಅಂದಿನದು ನನಗೇನು ಗೊತ್ತಪ್ಪ? ದುಡ್ಡೆಲ್ಲಿತ್ತು? ಬಾಗಿಲಲ್ಲಿ ನಿಂತು ಘಮ ಕುಡಿದು ಹೋಗುತ್ತಿದ್ದೆ.”

ಚಿಕ್ಕಂದಿನಿಂದಲೂ ಆ ಪಲ್ಯದ ಹದವನ್ನು ಅವರ ಬಾಯಿಂದ ಕೇಳಿ ಬೆಳೆದವನು ನಾನು. ಏನು ಹೇಳಲೂ ತೋಚಲಿಲ್ಲ. ವೈದ್ಯರು ಅವರಿಗೆ ತುಪ್ಪ ಬೇಡವೆಂದಿದ್ದರು. ಮಾಣಿಯನ್ನು ಕರೆದು ಇನ್ನೊಂದು ದೋಸೆ ಹೇಳಿದೆ.