ತೇರಿಗೊಂದು ಮನೆ, ಕಾರಿಗೊಂದು ಸೂರು

ದೇವನಹಳ್ಳಿಯ ವಿಮಾನ ನಿಲ್ದಾಣ ಹತ್ತಿರವಾಗುತ್ತಿದ್ದಂತೆ ನಮ್ಮ ಕಾರಿನೊಳಗೆ ಎಲ್ಲರೂ ಹರಟೆ ನಿಲ್ಲಿಸಿ ಬೋರ್ಡು ಓದತೊಡಗುತ್ತಾರೆ. ಗಾಡಿಯನ್ನು ಬಿಟ್ಟುಹೋಗುವುದು ಬಯಲಲ್ಲೋ, ಸೂರಿನಡಿಯೋ? ನನ್ನ ಹೆಂಡತಿಯ ಮತ ಸದಾ ಸೂರಿಗೆ. ಅಮ್ಮನ ರಾಗವೇ ಬೇರೆ: "ಕಬ್ಬಿಣದ ಗಾಡಿ ಕಣೋ ಅದು, ಬಿಸಿಲಿಗೆ ನಿಂತರೆ ಕರಗಿಹೋಗುತ್ತಾ? ಸೂರಿಗೆಂದು ಹೆಚ್ಚಿಗೆ ಕೊಡೋ ದುಡ್ಡಲ್ಲಿ ನಾಲ್ಕು ಜನ ಊಟ ಮಾಡಬಹುದು." ವಿಮಾನ ನಿಲ್ದಾಣದೊಳಗೆ ಆ ದುಡ್ಡಿಗೆ ನಾಲ್ಕು ಜನರ ಕಾಫಿ ದಕ್ಕಿದರೆ ಹೆಚ್ಚು. ಅದನ್ನು ಹೇಳಿ ವಾದ ಬೆಳೆಸುವ ಧೈರ್ಯ ಮಾತ್ರ ನನಗಿಲ್ಲ.

ಆದರೆ ಇದೇ ಅಮ್ಮ, ಊರಿನ ತೇರಿನ ಮನೆಯ ತಗಡು ಗಾಳಿಗೆ ಹಾರಿತೆಂದು ಸುದ್ದಿ ಬಂದಾಗ ಯಾರೂ ಕೇಳುವ ಮೊದಲೇ ಚಂದಾ ಕಳಿಸಿದವಳು. ತೇರು ಹೊರಗೆ ಬರುವುದು ಜಾತ್ರೆಯ ದಿನ. ಉಳಿದಂತೆ ವರ್ಷವಿಡೀ ತಗಡಿನ ಮರೆಯಲ್ಲಿ ನಿಂತೇ ಇರುತ್ತದೆ. ಇಲ್ಲದಿದ್ದರೆ ಬಿಸಿಲಿಗೆ ಮರ ಸೀಳುತ್ತದೆ, ಮಳೆಗೆ ಗೆದ್ದಲು ಹತ್ತುತ್ತದೆ. ದಿನಾ ಹೊಲಕ್ಕೆ ಹೋಗಿಬರುತ್ತಿದ್ದ ತಾತನ ಎತ್ತಿನ ಗಾಡಿಗಾದರೋ ಅಂಗಳವೇ ಗತಿ. ಓಡುವ ಗಾಲಿಗೆ ಸೂರು ಬೇಡ, ನಿಲ್ಲುವ ಗಾಲಿಗೆ ಬೇಕು ಎಂಬ ಲೆಕ್ಕ ನಮ್ಮ ಹಿರಿಯರಿಗೆ ಯಾರೂ ಕಲಿಸದೆಯೇ ಗೊತ್ತಿತ್ತು.

ಮೊದಲ ಕಾಲದ ಮೋಟಾರು ಕಾರುಗಳೂ ಹೆಚ್ಚುಕಡಿಮೆ ತೇರಿನ ಜಾತಿಯವೇ. ಮರದ ಚೌಕಟ್ಟು, ಬಟ್ಟೆಯ ಮೇಲುಹೊದಿಕೆ, ಪದರದ ಮೇಲೆ ಪದರವಾಗಿ ಬಳಿದ ವಾರ್ನಿಶ್. ಅದು ಒಣಗಲಿಕ್ಕೇ ವಾರಗಳು ಹಿಡಿಯುತ್ತಿದ್ದವು, ಮಾಸಲಿಕ್ಕೆ ಅಷ್ಟು ಕಾಲ ಬೇಕಿರಲಿಲ್ಲ. ಹಾಗಾಗಿ ಸಿರಿವಂತರು ಕುದುರೆ ಲಾಯವನ್ನೇ ತೆರವು ಮಾಡಿ ಕಾರನ್ನು ಒಳಗೆ ಕಟ್ಟಿದರು. 1923ರ ಹೊತ್ತಿಗೆ ಅಮೆರಿಕದ ಡ್ಯುಪಾಂಟ್ ಕಂಪನಿ ಮತ್ತು ಜನರಲ್ ಮೋಟಾರ್ಸ್ ಸೇರಿ ಬೇಗ ಒಣಗುವ 'ಡ್ಯೂಕೊ' ಬಣ್ಣವನ್ನು ತಂದ ಮೇಲೆ ಕಾರಿನ ಚರ್ಮ ಗಟ್ಟಿಯಾಯಿತು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಡ್ಯೂಕೊ ಹೊಡೆಸುತ್ತೇವಲ್ಲ, ಆ ಹೆಸರು ಬಂದದ್ದು ಇದರಿಂದಲೇ. 1930ರ ದಶಕದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್, ಕಾರೇನು ಕುದುರೆಯೇ, ಅದಕ್ಕೆ ಲಾಯ ಯಾಕೆ ಎಂಬ ಧಾಟಿಯಲ್ಲಿ ಮ್ಯಾಡಿಸನ್ ಊರಿನ ಜೇಕಬ್ಸ್ ಮನೆಗೆ ಗ್ಯಾರೇಜನ್ನೇ ಕಟ್ಟಲಿಲ್ಲ. ಮನೆಯ ಮಾಡನ್ನೇ ಒಂದಿಷ್ಟು ಚಾಚಿ ಅದರ ಕೆಳಗೆ ಕಾರು ನಿಲ್ಲಿಸಿ ಎಂದ. ಅಮ್ಮನಿಗೂ ಹೆಂಡತಿಗೂ ರಾಜಿ ಮಾಡಿಸಬಲ್ಲ ಮನುಷ್ಯ ಅನ್ನಿಸುತ್ತದೆ.

ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ಕಾಲದಲ್ಲಿ ನಮಗೆ ಈ ಚಿಂತೆಯೇ ಇರಲಿಲ್ಲ. ಒಬ್ಬರು ದುಬೈಗೆ ಹೊರಟರೆ ಕಳಿಸಲು ಹತ್ತು ಮಂದಿ ಹೋಗುತ್ತಿದ್ದೆವು. ಕಾರು ಅಲ್ಲಿ ನಿಲ್ಲುತ್ತಿದ್ದುದು ಅಳು ಮುಗಿಯುವ ತನಕ, ಅಷ್ಟೆ. 2008ರ ಮೇ ತಿಂಗಳಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಊರಿಂದ ದೂರವಾಯಿತು, ಕಳಿಸುವವರು ಕರಗಿದರು, ಕಾರುಗಳು ಒಂಟಿಯಾಗಿ ದಿನಗಟ್ಟಲೆ ನಿಲ್ಲತೊಡಗಿದವು.

ಬಿಸಿಲು ಮಾಡುವುದೇನು? ಅಮೆರಿಕದ ಅರಿಜೋನಾದಲ್ಲಿ ಕಡುಬೇಸಿಗೆಯಲ್ಲಿ ಕಾರು ನಿಲ್ಲಿಸಿ ಅಳೆದವರು 2018ರಲ್ಲಿ ವರದಿ ಪ್ರಕಟಿಸಿದರು. ಬಿಸಿಲಲ್ಲಿ ಒಂದೇ ಗಂಟೆ ನಿಂತ ಕಾರಿನ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನೆರಳಲ್ಲಿ ನಿಂತದ್ದು 48. ನಮ್ಮ ಏಪ್ರಿಲ್ ಅಷ್ಟು ಉಗ್ರವಲ್ಲ. ಮೇಲಾಗಿ ಈ ಬಿಸಿ ಕಿಟಕಿ ಇಳಿಸಿದರೆ ಹೋಗುವಂಥದ್ದು. ಹೋಗದೆ ಉಳಿಯುವುದು ಹಕ್ಕಿಯ ಹಿಕ್ಕೆ. ಅದರ ಆಮ್ಲ ಬಿಸಿಲಿಗೆ ಬೆಂದು ಬಣ್ಣದ ಮೇಲಿನ ಹೊಳಪನ್ನು ಕಚ್ಚಿಕೊಂಡುಬಿಡುತ್ತದೆ. ವೈಪರಿನ ರಬ್ಬರೂ ದಿನಗಳೆದಂತೆ ಬಿರುಕುಬಿಡುತ್ತದೆ. ಬೇಸಿಗೆ ಮಳೆಯ ಆಲಿಕಲ್ಲಂತೂ ಬಾನೆಟ್ಟಿನ ಮೇಲೆ ಗುಳಿ ತೆಗೆದು ಹೋಗುತ್ತದೆ.

ಹಾಗೆಂದು ಸೂರು ಎಲ್ಲವನ್ನೂ ಕಾಯುತ್ತದೆಯೇ? 2023ರ ಅಕ್ಟೋಬರಿನಲ್ಲಿ ಲಂಡನ್ ಬಳಿಯ ಲೂಟನ್ ವಿಮಾನ ನಿಲ್ದಾಣದ ಬಹುಮಹಡಿ ಪಾರ್ಕಿಂಗ್‌ನಲ್ಲಿ ಒಂದು ಡೀಸೆಲ್ ಕಾರಿಗೆ ಹತ್ತಿದ ಬೆಂಕಿ ಸಾವಿರಕ್ಕೂ ಹೆಚ್ಚು ವಾಹನಗಳನ್ನು ನುಂಗಿತು, ಕಟ್ಟಡದ ಒಂದು ಭಾಗವೇ ಕುಸಿಯಿತು. ಕೆಲವೇ ವರ್ಷಗಳ ಹಿಂದೆ ಕಟ್ಟಿದ ಕಟ್ಟಡ. ಬೆಂಕಿಗೆ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳೇ ಇರಲಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ನೆಲಮಾಳಿಗೆಯ ಕಾರುಗಳು ಮೊದಲು ಮುಳುಗಿದವು. ನಮ್ಮ ನೆರೆಮನೆಯವರೊಬ್ಬರು ಬೇಸ್‌ಮೆಂಟಿನ ತಣ್ಣನೆಯ ಮೂಲೆಯಲ್ಲಿ ಕಾರು ಬಿಟ್ಟು ಮಗಳ ಬಾಣಂತನಕ್ಕೆ ಹೋಗಿ ಬಂದರೆ, ವೈರುಗಳನ್ನೆಲ್ಲ ಇಲಿ ಕತ್ತರಿಸಿ ಹಾಕಿತ್ತು. ನೆರಳನ್ನು ಮೆಚ್ಚುವವರು ನಾವಷ್ಟೇ ಅಲ್ಲ.

ಬಹುಮಹಡಿ ಪಾರ್ಕಿಂಗಿನ ಇನ್ನೊಂದು ತಮಾಷೆ, ಮೇಲಿನ ತಾರಸಿ. ಕೆಳಗಿನ ಮಹಡಿಗಳು ತುಂಬಿದ್ದರೆ ಸುತ್ತಿ ಸುತ್ತಿ ಅಲ್ಲಿಗೇ ಹತ್ತಬೇಕು. ದುಡ್ಡು ಕಟ್ಟಡಕ್ಕೆ, ಬಿಸಿಲು ಬಯಲಿನದು. ಇಂಥಲ್ಲಿ ನಾನು ನೆಲಮಾಳಿಗೆಯನ್ನೂ ತಾರಸಿಯನ್ನೂ ಬಿಟ್ಟು ನಡುವಿನ ಮಹಡಿ ಹುಡುಕುತ್ತೇನೆ. ಕಂಬದ ಮೇಲಿನ ಅಂಕಿಯನ್ನು ಫೋಟೊ ತೆಗೆದುಕೊಳ್ಳದೆ ಮುಂದೆ ಹೆಜ್ಜೆ ಇಡುವುದಿಲ್ಲ.

ಈಗ ನಮ್ಮ ಮನೆಯಲ್ಲಿ ತಾತನ ಲೆಕ್ಕವೇ ಜಾರಿಯಲ್ಲಿದೆ. ಬೆಳಿಗ್ಗೆ ಹೋಗಿ ಮರುದಿನ ಬರುವ ಮದುವೆ ಮುಂಜಿಗಳಿಗೆ ಬಯಲು. ವಿಂಡ್‌ಸ್ಕ್ರೀನಿಗೆ ಒಂದು ಬೆಳ್ಳಿ ಬಣ್ಣದ ಮರೆ ಇಟ್ಟರೆ ಮುಗಿಯಿತು. ವಾರದ ಪ್ರವಾಸ, ಅದೂ ಏಪ್ರಿಲ್ ಮೇ ತಿಂಗಳಲ್ಲಾದರೆ, ಸೂರು. ಅಮ್ಮ ಗೊಣಗಿದರೆ ತೇರಿನ ಮನೆಯ ಚಂದಾ ನೆನಪಿಸುತ್ತೇನೆ. "ದೇವರ ತೇರಿಗೂ ನಿನ್ನ ಡಬ್ಬಾಕ್ಕೂ ಹೋಲಿಕೆ ಏನೋ" ಎಂದು ಬೈಸಿಕೊಳ್ಳುತ್ತೇನೆ. ತಿಂಗಳುಗಟ್ಟಲೆ ಹೋಗುವುದಿದ್ದರೆ ಕಾರಿಗೆ ಮನೆಯಲ್ಲೇ ಹೊದಿಕೆ ಹೊದಿಸಿ, ಪೆಟ್ಟಿಗೆಗಳನ್ನು ಹೊತ್ತು ವಿಮಾನ ನಿಲ್ದಾಣದ ವಾಯುವಜ್ರ ಬಸ್ಸು ಹತ್ತುತ್ತೇವೆ. ಆ ಬಸ್ಸಿಗೆ ನೆರಳು ಹುಡುಕುವುದು ಬಿಎಂಟಿಸಿಯವರ ತಲೆನೋವು.